ಉಪವಾಸದ ತಾಕು

"ಇನ್ನೊಂದ್ ಚರಿಗಿ ಹಾಕ್ರಿ ಅಕ್ಕಾರ, ಉಗುರಾಗಿನ ಮಣ್ಣು ಹೋಗವಲ್ದು," ಎಂದಳು ಪಕ್ಕದ ಮನೆಯ ಮಲಕವ್ವ.

ದೇವಕ್ಕ ಹಂಡೆಯಿಂದ ಬಿಸಿನೀರು ತೋಡಿ ದುರ್ಗವ್ವನ ಬೆರಳುಗಳ ಮೇಲೆ ನಿಧಾನವಾಗಿ ಹುಯ್ದಳು. ಬದುಕಿದ್ದರೆ "ಸುಡತೈತಿ, ಹಗೂರ ಹಾಕವ್ವ" ಎಂದು ಗದರಿಕೊಳ್ಳುತ್ತಿದ್ದ ಹೆಂಗಸು ಈಗ ಹಲಗೆಯ ಮೇಲೆ ಸುಮ್ಮನೆ ಮಲಗಿದ್ದಳು. ಮಾಕಳಿಯ ಶೀಟಿನ ಮನೆಗಳ ಸಾಲಿನ ಹಿಂದೆ ಎರಡು ಸೀರೆ ಕಟ್ಟಿ ಮರೆ ಮಾಡಿದ್ದರು. ಆಷಾಢದ ಗಾಳಿಗೆ ಸೀರೆಗಳು ಉಬ್ಬುತ್ತಿದ್ದವು, ಇಳಿಯುತ್ತಿದ್ದವು. ಅವುಗಳಾಚೆ ತುಮಕೂರು ರಸ್ತೆ ಮೋಡದಲ್ಲಿ ಮುಳುಗಿಹೋಗಿ, ಲಾರಿಗಳ ಸದ್ದು ಮಾತ್ರ ಎಲ್ಲೋ ಮೇಲಿನಿಂದ ಇಳಿದು ಬರುವಂತೆ ಕೇಳುತ್ತಿತ್ತು.

ದುರ್ಗವ್ವ ಯಾರಿಗೂ ತೊಂದರೆ ಕೊಡದೆ ಹೋಗಿದ್ದಳು. ಬೆಳಗಿನ ಮಂಜಿನಲ್ಲಿ ತಾನು ನೋಡಿಕೊಳ್ಳುತ್ತಿದ್ದ ಹೊಲದ ಬದುವಿನ ಮೇಲೆ ಬೇವಿನ ಮರಕ್ಕೆ ಒರಗಿ ಕುಳಿತಿದ್ದವಳನ್ನು ಕಂಡು ದೇವಕ್ಕ, "ಏನವ್ವ, ಬೆಳಬೆಳಿಗ್ಗೆನೇ ಜೊಂಪಾ?" ಎಂದು ರೇಗಿಸಿ ಮುಂದೆ ಹೋಗಿದ್ದಳು. ಉತ್ತರ ಬರಲಿಲ್ಲ. ದುರ್ಗವ್ವ ಮಾತಿಗೆ ಮಾತು ಕೊಡದೆ ಬಿಟ್ಟವಳೇ ಅಲ್ಲ. ದೇವಕ್ಕ ತಿರುಗಿ ಬಂದು ಮುಟ್ಟಿ ನೋಡಿದಾಗ ಮೈ ತಣ್ಣಗಾಗಿತ್ತು.

ಅದೇ ಮರದ ಕೆಳಗೆ ಈ ಹೊತ್ತು ಮಧ್ಯಾಹ್ನ ಮಹಿಳಾ ಸಂಘದ ಸಭೆ ಸೇರಬೇಕಿತ್ತು. ಹೊಲದ ಒಡೆಯ ದ್ವಾರಕಾನಾಥರು ಬರುವವರಿದ್ದರು. ಸತ್ತುಹೋದ ಮಣ್ಣು ಗೊಬ್ಬರದಿಂದ ಬದುಕಿತೋ ಇಲ್ಲವೋ ಎಂಬುದನ್ನು ಮೂರು ವರ್ಷ ಪರೀಕ್ಷೆ ಮಾಡಿದ್ದಕ್ಕೆ ಈ ದಿನ ಉತ್ತರ ಹೇಳಬೇಕಿತ್ತು. ಗೊಬ್ಬರದಿಂದಲೇ ಬದುಕಿದ್ದರೆ ಹೊಲ ಸಂಘದ ಕೈಯಲ್ಲೇ ಉಳಿಯುತ್ತದೆ ಎಂದು ಮಾತಾಗಿತ್ತು. ಇಲ್ಲವಾದರೆ ಗೋಡೌನು ಕಟ್ಟುವವರ ಪಾಲು. ಅವರ ಗೋಡೆ ಎದ್ದರೆ, ಅದರ ಹಿಂದೆಯೇ ಇರುವ ದೇವಕ್ಕನ ಹೊಲಕ್ಕೆ ಕಾಲಿಡಲು ದಾರಿಯೂ ಇರುವುದಿಲ್ಲ. ಅವಳೂ ಮಾರಿಕೊಂಡು ಕೈ ತೊಳೆದುಕೊಳ್ಳಬೇಕು, ಅಷ್ಟೇ.

ಉತ್ತರ ಏನೆಂದು ದೇವಕ್ಕನಿಗೆ ಗೊತ್ತಿತ್ತು. ವಿಶ್ವವಿದ್ಯಾಲಯದ ಹೇಮಲತಾ ಮೇಡಂ ಫೋನಿನಲ್ಲಿ ಹೇಳಿಬಿಟ್ಟಿದ್ದರು. "ಗೊಬ್ಬರ ಹಾಕಿದ ತಾಕೂ ಚೆನ್ನಾಗಿದೆ, ಹಾಕದ ತಾಕೂ ಅಷ್ಟೇ ಚೆನ್ನಾಗಿದೆ ದೇವಕ್ಕ. ಅಂದ್ರೆ ಮಣ್ಣು ತಾನಾಗೇ ಸರಿಹೋಗಿದೆ. ನಮ್ಮ ಗೊಬ್ಬರದಿಂದ ಆಯ್ತು ಅಂತ ಹೇಳೋ ಹಾಗಿಲ್ಲ." ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಗಿತ್ತು.

"ಬಿಡು ಮಲಕವ್ವ, ಎಷ್ಟ್ ತಿಕ್ತೀಯ," ಎಂದಳು ದೇವಕ್ಕ. "ಮಣ್ಣಿಗೇ ತಾನೇ ಹೋಗೋದು."

"ಹೆಂಗ ಹೋಗ್ತೈತ್ರಿ ಇದು." ಮಲಕವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಎರಡೂ ಕಡೆ ಉಣ್ಣಿಸಿದ ಕೈ ಅಲ್ಲೇನ್ರಿ."

ದೇವಕ್ಕನ ಚೊಂಬು ಅರ್ಧದಲ್ಲೇ ನಿಂತಿತು. "ಎರಡೂ ಕಡೆ ಅಂದ್ರೆ?"

ಮಲಕವ್ವ ನಾಲಿಗೆ ಕಚ್ಚಿಕೊಂಡಳು. ಬಾಯಿಂದ ಬಿದ್ದ ಮಾತನ್ನು ಮತ್ತೆ ನುಂಗಲಾಗುತ್ತದೆಯೇ? "ಏನೂ ಹಾಕಬಾರ್ದಂತ ಬಿಟ್ಟಿದ್ದ ಉಪವಾಸದ ಕಡೀಗೂ ಹಾಕ್ತಿದ್ಲರಿ," ಎಂದಳು ಹೆಣದ ಮುಖವನ್ನೇ ನೋಡುತ್ತ. "ನಿಮ್ ಸಂಘದ ಗೊಬ್ಬರ ಮುಟ್ಟಿಲ್ರಿ, ದೇವರಾಣಿ. ನಮ್ ಸಾಲಿನ್ಯಾಗಿನ ತರಕಾರಿ ಸಿಪ್ಪಿ, ಕುರಿ ಹಿಕ್ಕಿ, ಹೊಂಗೆ ಸೊಪ್ಪು, ಎಲ್ಲಾ ಗುಂಡ್ಯಾಗ ಕೊಳಿಸಿ ಸಂಜಿಮುಂದ ಹೊತ್ಕೊಂಡು ಹೋಗ್ತಿದ್ಲು. ಮೊಣಕಾಲ್ ನೋವಂತ ಅಂದಾಗ ನಾನೂ ಹೊತ್ತೀನಿ. ಮೊದಲ ವರ್ಷದಿಂದಾನೂ."

ಆಚೆ ಗಂಡಸರು ಬಿದಿರು ಕಟ್ಟುವ ಸದ್ದು ಕೇಳುತ್ತಿತ್ತು. ದೇವಕ್ಕನಿಗೆ ಸಿಟ್ಟು ಬಂತು. ಸತ್ತವಳ ಮೇಲೆ ಸಿಟ್ಟು ಬಂತಲ್ಲ ಎಂದು ನಾಚಿಕೆಯೂ ಆಯಿತು. ಎರಡನ್ನೂ ನುಂಗಿಕೊಂಡು ಉಳಿದ ನೀರನ್ನು ಆ ಪಾದಗಳಿಗೆ ಹುಯ್ದಳು.

*

ಮೂರು ವರ್ಷದ ಹಿಂದೆ ಆ ಹೊಲವನ್ನು ನೋಡಿದವರು ಅದನ್ನು ಹೊಲ ಎನ್ನುತ್ತಿರಲಿಲ್ಲ. ಮೇಲಿನ ಕಾರ್ಖಾನೆ ಶೆಡ್ಡುಗಳಿಂದ ಬಿಟ್ಟ ಕೊಳಕು ನೀರು ಮಳೆಗಾಲ ಬಂತೆಂದರೆ ಕಾಲುವೆ ಉಕ್ಕಿ ಆ ಸಾಲಿನ ಹೊಲಗಳ ಮೇಲೆಲ್ಲ ಹರಿಯುತ್ತಿತ್ತು. ಊರವರು ಜಗಳ ಮಾಡಿ ಆ ನೀರನ್ನು ಬೇರೆ ಕಡೆ ತಿರುಗಿಸುವ ಹೊತ್ತಿಗೆ ಮಣ್ಣು ಗಟ್ಟಿಯಾಗಿ, ಮೇಲೆ ಬಿಳಿ ಹಪ್ಪಳದಂಥ ಪದರ ಎದ್ದಿತ್ತು. ರಾಗಿ ಚೆಲ್ಲಿದರೆ ಮೊಳಕೆ ಏಳುತ್ತಿರಲಿಲ್ಲ.

ಆಗ ಬಂದವರು ಹೇಮಲತಾ. ಕೈಯಲ್ಲಿ ಪ್ರಶ್ನೆಗಳ ಕಟ್ಟು ಹಿಡಿದುಕೊಂಡು ಬಂದಿದ್ದರು. ಮಹಿಳಾ ಸಂಘದ ಮುಂದಾಳು ದೇವಕ್ಕ ಚಾಪೆಯನ್ನೂ ಹಾಸದೆ ನಿಂತೇ ಹೇಳಿದ್ದಳು: "ಪ್ರಶ್ನೆ ನೀವೇ ತಂದ್ರೆ ಉತ್ರನೂ ನೀವೇ ಬರ್ಕೊಳ್ಳಿ ಮೇಡಂ. ನಮ್ ಪ್ರಶ್ನೆ ಕೇಳಂಗಿದ್ರೆ ಚಾಪೆ ಹಾಸ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಹೋಗುತ್ತಿದ್ದರು. ಹೇಮಲತಾ ನಕ್ಕು, ಕಟ್ಟನ್ನು ಚೀಲಕ್ಕೆ ತುರುಕಿ, "ಹಾಸಿ," ಎಂದಿದ್ದರು. ಹೆಂಗಸರು ಸಂಜೆಯವರೆಗೆ ಮಾತಾಡಿ ಒಂದೇ ಪ್ರಶ್ನೆಗೆ ಬಂದು ನಿಂತರು. ಈ ಮಣ್ಣು ಮತ್ತೆ ಬದುಕುತ್ತದೆಯೇ? ಪ್ರಶ್ನೆ ಊರಿನದು, ಕೆಲಸ ಇಬ್ಬರದು, ಬಂದ ಉತ್ತರವನ್ನು ಏನು ಮಾಡಬೇಕೆಂಬುದು ಮತ್ತೆ ಊರಿನದು. ಹಾಗೆಂದು ಮಾತಾಯಿತು. ಸರ್ಕಾರಿ ಕಾರ್ಖಾನೆಯಲ್ಲಿ ನೌಕರಿ ಮಾಡಿ ನಿವೃತ್ತರಾದ ದ್ವಾರಕಾನಾಥರು ಯಾವ ಕಾಲದಲ್ಲೋ ಕೊಂಡು ಹಾಗೇ ಬಿಟ್ಟಿದ್ದ ತುಂಡನ್ನು ಪರೀಕ್ಷೆಗೆಂದು ಕೊಟ್ಟರು. ನೋಡಿಕೊಳ್ಳಲು ಸಿಕ್ಕಿದವಳು ದುರ್ಗವ್ವ. ಕುಷ್ಟಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು, ಇಟ್ಟಿಗೆ ಹೊತ್ತೂ ಹೊತ್ತೂ ಮೊಣಕಾಲು ಸವೆಸಿಕೊಂಡು, ಶೀಟಿನ ಮನೆಯಲ್ಲಿ ಒಬ್ಬಳೇ ಇದ್ದಳು.

ಹೇಮಲತಾ ಹೊಲದ ನಡುವೆ ಹಗ್ಗ ಎಳೆದು ಎರಡು ತಾಕು ಮಾಡಿದರು. "ಈ ಕಡೆಗೆ ಗೊಬ್ಬರ, ಸೊಪ್ಪು ಎಲ್ಲಾ ಕೊಡೋದು. ಆ ಕಡೆಗೆ ಏನೂ ಕೊಡೋ ಹಾಗಿಲ್ಲ. ಆಗ್ಲೇ ಗೊತ್ತಾಗೋದು ವ್ಯತ್ಯಾಸ."

ದುರ್ಗವ್ವ ಹಗ್ಗದ ಆಚೆ ನೋಡಿದಳು, ಈಚೆ ನೋಡಿದಳು. "ಅದೇನ್ ತಪ್ಪು ಮಾಡೈತ್ರಿ?" ಎಂದು ಕೇಳಿದಳು.

"ಯಾವುದು?"

"ಆ ಕಡೀದು. ಒಂದ್ ಕಣ್ಣಿಗೆ ಬೆಣ್ಣಿ, ಒಂದ್ ಕಣ್ಣಿಗೆ ಸುಣ್ಣ ಅಂದಂಗಾತಲ್ರಿ."

ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ದೇವಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವತ್ತಿನಿಂದ ಆ ತಾಕಿಗೆ ಉಪವಾಸದ ತಾಕು ಎಂದೇ ಹೆಸರಾಯಿತು. ದುರ್ಗವ್ವ ನಗಲಿಲ್ಲ. ಹೇಮಲತಾ ಹೇಳಿದ್ದಕ್ಕೆಲ್ಲ "ಆತ್ರಿ, ಆತ್ರಿ" ಎಂದು ತಲೆಯಾಡಿಸಿದಳು.

*

ಹೇಮಲತಾ ಬರುವ ಹೊತ್ತಿಗೆ ದುರ್ಗವ್ವನಿಗೆ ಹಸಿರು ಸೀರೆ ಉಡಿಸಿ ಬಾಗಿಲ ಮುಂದೆ ಕೂರಿಸಿದ್ದರು. ಹಿಂದಿನ ಗೋಡೆಗೆ ಮೊಳೆ ಹೊಡೆದು ಬಟ್ಟೆ ಕಟ್ಟಿ ಕತ್ತು ನಿಲ್ಲಿಸಿದ್ದರು. ಹಣೆಗೆ ವಿಭೂತಿ, ಬಾಯಲ್ಲಿ ಎಲೆಯಡಿಕೆ. ಯಾವುದೋ ಮದುವೆಯ ಮನೆಯಲ್ಲಿ ಊಟಕ್ಕೆ ಕರೆಯುವುದನ್ನು ಕಾಯುತ್ತ ಕುಳಿತವಳಂತೆ ಕಾಣುತ್ತಿದ್ದಳು. ಊದುಬತ್ತಿಯ ಹೊಗೆ ಮಂಜಿಗೆ ಸೇರಿಕೊಂಡು ಅವಳ ಸುತ್ತ ಹೋಗಲೊಲ್ಲದೆ ನಿಂತಿತ್ತು.

ಹೇಮಲತಾ ಚಪ್ಪಲಿ ಬಿಟ್ಟು ಪಕ್ಕದಲ್ಲೇ ನೆಲದ ಮೇಲೆ ಕುಳಿತುಕೊಂಡರು. "ಪ್ರತಿ ಸಲ ಟೀ ಕುಡಿಸದೆ ಕಳಿಸ್ತಿರಲಿಲ್ಲ," ಎಂದರು ಯಾರಿಗೆಂದಿಲ್ಲದೆ. ಕಣ್ಣು ಕೆಂಪಾಗಿತ್ತು.

ದೇವಕ್ಕ ಅವರ ಹಿಂದೆಯೇ ನಿಂತಿದ್ದಳು. ಹೇಳಿಬಿಡಲೇ ಎಂದು ನಾಲಿಗೆ ತುದಿಗೆ ಬಂತು. ಆದರೆ ಹೇಗೆ ಹೇಳುವುದು? ಈ ಹೆಣವೇ ನಿಮ್ಮ ಮೂರು ವರ್ಷದ ಕೆಲಸ ಕೆಡಿಸಿದ್ದು ಎಂದೇ? ಎದುರಿಗೆ ದುರ್ಗವ್ವನ ಮಗ ಸಿದ್ರಾಮ ನಿಂತಿದ್ದ. ಪೀಣ್ಯದ ಕಾರ್ಖಾನೆಯಲ್ಲಿ ಪ್ರೆಸ್ ಕೆಲಸ, ಲಗ್ಗೆರೆಯಲ್ಲಿ ಬಾಡಿಗೆ ಮನೆ. ಪಾಳಿ ಮುಗಿಸಿ ಬಂದವನು ಯೂನಿಫಾರಂ ಕೂಡ ಬದಲಿಸಿರಲಿಲ್ಲ.

"ಬಾರಬೇ ನಮ್ಮನಿಗೆ ಅಂತ ಎಷ್ಟ್ ಸಲ ಕರದ್ನಿರಿ," ಎಂದ ಅವನು ದೇವಕ್ಕನಿಗೆ. "ಹೊಲ ಬಿಟ್ ಬರಾಕ ಆಗಂಗಿಲ್ಲ ಅಂತಿದ್ಲು. ಯಾರ್ ಹೊಲ, ಏನ್ ಕತಿ. ಮಂದಿ ಹೊಲರೀ ಅದು. ಆದ್ರ ಸಾಲಿ ಕಲಿತ ಮೇಡಮ್ಮಾರು ತನ್ ಮಾತ್ ಕೇಳ್ತಾರ ಅಂತ ಭಾಳ ಹೆಮ್ಮಿ ಇತ್ರಿ ಆಕಿಗೆ." ದೇವಕ್ಕ ಅವನ ಭುಜದ ಮೇಲೆ ಕೈಯಿಟ್ಟಳು. ಬಾಯಿಗೆ ಬಂದ ಮಾತು ಹಿಂದಕ್ಕೆ ಹೋಯಿತು.

ಅಷ್ಟರಲ್ಲಿ ಛತ್ರಿ ಹಿಡಿದು ದ್ವಾರಕಾನಾಥರು ಬಂದರು. ಹಾರ ಹಾಕಿ, ಕೈಮುಗಿದು, ದೇವಕ್ಕನನ್ನು ಪಕ್ಕಕ್ಕೆ ಕರೆದರು. ಒಳ್ಳೆಯ ಮನುಷ್ಯ. ಒಳ್ಳೆಯವರು ಕೆಟ್ಟ ಸುದ್ದಿಯನ್ನು ಮೆಲ್ಲಗೆ ಹೇಳುತ್ತಾರೆ, ಅದರಿಂದ ಸುದ್ದಿಯೇನೂ ಒಳ್ಳೆಯದಾಗುವುದಿಲ್ಲ.

"ಇವತ್ತು ಮಾತಾಡೋ ದಿನ ಅಲ್ಲಮ್ಮ, ಗೊತ್ತು. ಆದ್ರೆ ಗೋಡೌನಿನವರು ನಾಳೆ ಬೆಳಿಗ್ಗೆ ಅಡ್ವಾನ್ಸ್ ತಗೊಂಡು ಬರ್ತಾರಂತೆ. ಮೇಡಂ ಫೋನಲ್ಲಿ ಹೇಳಿದ್ರು, ಎರಡು ಕಡೆನೂ ಒಂದೇ ಅಂತ. ಸಂಘದ ಗೊಬ್ಬರದಿಂದ ಏನೂ ಆಗಿಲ್ಲ ಅಂದ್ಮೇಲೆ ಇನ್ನೇನಿದೆ? ಎಲ್ಲಾ ಮುಗೀಲಿ, ಆಮೇಲೆ ಒಂದು ಮಾತು ಹೇಳಿ ಹೋಗ್ತೀನಿ."

ದೇವಕ್ಕ ಹೋಗಿ ಆರಿದ ಊದುಬತ್ತಿಯ ಜಾಗಕ್ಕೆ ಹೊಸದೊಂದನ್ನು ಹಚ್ಚಿಟ್ಟಳು.

*

ಹೋದ ವರ್ಷದ ಮಾತು. ಮುಂಗಾರು ಬಿದ್ದು ಎರಡು ತಾಕಿನಲ್ಲೂ ರಾಗಿ ಮೊಣಕಾಲುದ್ದ ಎದ್ದಿತ್ತು. ಬದುವಿನ ಈಚೆ ದೇವಕ್ಕನ ಹೊಲದಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಪೈರು, ರೋಗಿಷ್ಠ ಮಗುವಿನ ತಲೆಗೂದಲಿನಂತೆ. ಅದೇ ನೀರು ಹರಿದ ಹೊಲ, ಅದೇ ಮಣ್ಣು. ನೋಡಿ ನೋಡಿ ದೇವಕ್ಕನಿಗೆ ಸಾಕಾಗಿತ್ತು.

"ನನ್ ಹಣೆಬರ ಕಣವ್ವ," ಎಂದಿದ್ದಳು ಒಂದು ಸಂಜೆ. "ನಿನ್ನ ಉಪವಾಸದ ತಾಕೇ ಅಂಗೆ ಎದ್ದೈತೆ. ನನ್ ಭೂಮಿಗೆ ಮಾತ್ರ ಏನು ಕೇಡೋ."

ದುರ್ಗವ್ವ ಬುಟ್ಟಿಯನ್ನು ಸೊಂಟದಿಂದ ಇಳಿಸಿ ಬಹಳ ಹೊತ್ತು ಆ ಹೊಲವನ್ನು ನೋಡಿದಳು. ಮಬ್ಬಿನಲ್ಲಿ ಚಿಕ್ಕಬಾಣಾವರದ ಕಡೆಯಿಂದ ರೈಲಿನ ಸದ್ದು ತೇಲಿ ಬರುತ್ತಿತ್ತು. "ನಿಂದಕ್ಕೂ ಒಂದೀಟು ಉಣಸಲೇನ?" ಎಂದಳು ಪಿಸುಮಾತಿನಲ್ಲಿ.

"ಬ್ಯಾಡ ಬ್ಯಾಡ. ಉತ್ರ ಬರೋಗಂಟ ಯಾರ ಹೊಲಕ್ಕೂ ಏನೂ ಹಾಕ್ಬ್ಯಾಡಿ ಅಂತ ಮೇಡಂ ಹೇಳವ್ರೆ. ಸಂಘದ ಮುಂದಾಳೇ ಮಾತು ತಪ್ಪಿದ್ರೆ ಹೆಂಗೆ?"

"ನೀ ಭಾಳ ಗಟ್ಟಿ ಅದಿ ಬಿಡವ್ವ," ಎಂದಿದ್ದಳು ದುರ್ಗವ್ವ. ದೇವಕ್ಕ ಅದನ್ನು ಹೊಗಳಿಕೆಯೆಂದೇ ತಿಳಿದು ಹಿಗ್ಗಿದ್ದಳು.

*

ಮಾಕಳಿಯ ಕಡೆ ಹೆಂಗಸರು ಸ್ಮಶಾನಕ್ಕೆ ಹೋಗುವ ಪದ್ಧತಿಯಿಲ್ಲ. ಸಿದ್ರಾಮ, "ನಮ್ ಕಡೆ ಎಲ್ಲಾರೂ ಮಣ್ಣಿಗೆ ಬರ್ತಾರ್ರಿ, ಬರ್ರಿ," ಎಂದು ಕರೆದ. ದೇವಕ್ಕ ಹೊರಟಳು. ಅವಳ ಹಿಂದೆ ಸಂಘದ ಹೆಂಗಸರೂ ಹೊರಟರು.

ತುಂತುರು ಹಿಡಿದಿತ್ತು. ತಮಟೆ, ಡೊಳ್ಳು ಏನೂ ಇರಲಿಲ್ಲ. ಕಾರ್ಖಾನೆಗಳ ಕಾಂಪೌಂಡುಗಳ ನಡುವಿನ ದಾರಿಯಲ್ಲಿ ಜನ ಮೆಲ್ಲಗೆ ನಡೆದರು. ಮುಂದೆ ಹೋಗುತ್ತಿದ್ದವರ ತಲೆಗಳು ಮಂಜಿನಲ್ಲಿ ಕರಗಿ, ಬಿದಿರಿನ ಚಟ್ಟದಲ್ಲಿ ಕುಳಿತ ದುರ್ಗವ್ವ ಒಬ್ಬಳೇ ಗಾಳಿಯಲ್ಲಿ ತೇಲಿಕೊಂಡು ಹೋಗುತ್ತಿರುವಂತೆ ಕಂಡಿತು. ಹೊಲದ ತಿರುವಿನಲ್ಲಿ ಅವಳ ತಲೆ ಒಮ್ಮೆ ಆ ಕಡೆ ಹೊರಳಿತು. ರಸ್ತೆಯ ಕುಳಿಗೆ ಹೊತ್ತವರಲ್ಲಿ ಯಾರದೋ ಕಾಲು ಬಿದ್ದು ಆದದ್ದು. ಆದರೂ ದೇವಕ್ಕ ತಾನೂ ಹೊಲದ ಕಡೆ ತಿರುಗಿ ನೋಡಿದಳು. ಅವಳಿಗೆ ಈಗ ಎಲ್ಲವೂ ಸಾಲಾಗಿ ಕಣ್ಣಿಗೆ ಕಟ್ಟತೊಡಗಿತ್ತು. ಸಂಜೆಯ ಮಬ್ಬು, ಸೊಂಟದ ಬುಟ್ಟಿ, ಹಗ್ಗದ ಆಚೆ ಬಾಗಿದ ಬೆನ್ನು. ಕಂಡಿದ್ದಳು, ಎಷ್ಟೋ ಸಲ ಕಂಡಿದ್ದಳು. ಕಳೆ ಕೀಳುತ್ತಿದ್ದಾಳೆ ಎಂದುಕೊಂಡಿದ್ದಳು.

ಗುಂಡಿಯಲ್ಲಿ ಕೂರಿಸಿದರು. ಸಿದ್ರಾಮ ಮೊದಲ ಹಿಡಿ ಮಣ್ಣು ಹಾಕಿದ. ಆಮೇಲೆ ಒಬ್ಬೊಬ್ಬರಾಗಿ ಹಾಕಿದರು. ದೇವಕ್ಕ ತನ್ನ ಸರದಿ ಬಂದಾಗ ಬಾಗಿ ಒಂದು ಹಿಡಿ ಎತ್ತಿಕೊಂಡಳು. ತಿನ್ನುವವರ ಮುಂದೆ ಖಾಲಿ ತಟ್ಟೆ ನೋಡಲಾರದ ಜೀವ ಅದು. ಅಂಥವಳನ್ನು ಹಸಿದ ನೆಲಕ್ಕೆ ಕಾವಲು ಕೂರಿಸಿದೆವಲ್ಲ ಎಂದು ಸಂಕಟವಾಯಿತು. ಮಣ್ಣು ಹಾಕಿ ಹಿಂದೆ ಸರಿದಳು.

ಹೊರಗೆ ತೊಟ್ಟಿಯ ಬಳಿ ಎಲ್ಲರೂ ಕೈಕಾಲು ತೊಳೆಯುತ್ತಿದ್ದಾಗ ದ್ವಾರಕಾನಾಥರು ಕರ್ಚೀಫಿನಿಂದ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದರು. "ಹಾಗಾದ್ರೆ ನಾಳೆ ಅವರಿಗೆ ಹೂಂ ಅಂದ್ಬಿಡ್ತೀನಮ್ಮ. ಬೇಜಾರ್ ಮಾಡ್ಕೋಬೇಡಿ."

ಈಗ ಬಾಯಿ ಬಿಡದಿದ್ದರೆ ಇನ್ನೆಂದೂ ಇಲ್ಲ. ದೇವಕ್ಕ ಸಿದ್ರಾಮನನ್ನು ನೋಡಿದಳು. ಅವನ ಅಂಗೈಗೆ ತಾಯಿಯ ಗುಂಡಿಯ ಮಣ್ಣು ಇನ್ನೂ ಅಂಟಿಕೊಂಡಿತ್ತು.

"ಸಾರ್, ಒಂದ್ ನಿಮಿಷ. ಮೇಡಂ, ನೀವೂ ಕೇಳಿ. ಎರಡೂ ತಾಕು ಯಾಕೆ ಒಂದೇ ಆಯ್ತು ಅಂದ್ರೆ, ಎರಡಕ್ಕೂ ಗೊಬ್ಬರ ಬಿದ್ದೈತೆ. ಉಪವಾಸದ ಕಡೆಗೆ ದುರ್ಗವ್ವ ಹಾಕವ್ಳೆ. ಮೊದಲನೇ ವರ್ಷದಿಂದ."

ಹೇಮಲತಾ ತೊಟ್ಟಿಯ ಕಟ್ಟೆಯ ಮೇಲೆ ಕುಳಿತರು. "ಮೂರು ವರ್ಷ ದೇವಕ್ಕ," ಎಂದರು. "ನನ್ನ ಹತ್ರ ಯಾಕೆ ಹೇಳ್ಲಿಲ್ಲ ಅವ್ರು?"

ಉತ್ತರ ಕೊಟ್ಟವಳು ಮಲಕವ್ವ. "ಹೇಳಿದ್ರ ನೀವು ಬ್ಯಾಡ ಅಂತಿದ್ರಲ್ರಿ. ನಿಮ್ ಮಾತು ಮೀರಾಕ ಆಕಿಗೆ ಮನಸ್ ಇರ್ಲಿಲ್ರಿ. ಅದಕ್ಕ ಹೇಳ್ಲಿಲ್ಲ."

ಯಾರಿಗೂ ನಗು ಬರಲಿಲ್ಲ. ಸಿದ್ರಾಮ ಮಾತ್ರ ಎಲ್ಲರ ಮುಖ ನೋಡುತ್ತ, "ನಮ್ಮವ್ವ ನಿಮ್ ಕೆಲ್ಸ ಕೆಡಿಸಿದ್ಲೇನ್ರಿ?" ಎಂದ.

"ಕೆಡಿಸಿದ್ಲು ಕಣಪ್ಪ. ಸುಳ್ಳು ಯಾಕೆ ಹೇಳ್ಲಿ," ಎಂದಳು ದೇವಕ್ಕ. ಕಣ್ಣೀರು ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಆದ್ರೆ ಮಣ್ಣು ಬದುಕೈತೆ. ಅವಳ ಕೈ ಬಿದ್ದ ಕಡೆಯೆಲ್ಲ ಬದುಕೈತೆ. ಬೀಳದೆ ಇದ್ದಿದ್ದು ನನ್ ಹೊಲಕ್ಕೆ ಮಾತ್ರ. ಹಾಕ್ತೀನಿ ಅಂತ ಬಂದವಳನ್ನ ನಾನೇ ಬ್ಯಾಡ ಅಂದೆ. ಅದು ಅಂಗೇ ಸತ್ತು ಬಿದ್ದೈತೆ."

ಹೇಮಲತಾ ತಲೆಯೆತ್ತಿದರು. "ನಿಮ್ಮ ಹೊಲಕ್ಕೆ ಏನೂ ಹಾಕಿಲ್ವಾ? ಒಂದ್ ಸಲಾನೂ?"

"ನೀವೇ ಹೇಳಿದ್ರಲ್ಲ ಮೇಡಂ."

"ಅದೇ ನೀರು ಹರಿದಿದ್ದ ಹೊಲ ಅಲ್ವಾ ಅದು." ಅವರು ಎದ್ದು ನಿಂತಿದ್ದರು. "ಹಾಗಾದ್ರೆ ಮಣ್ಣು ತಾನಾಗೇ ಸರಿಹೋಗಿಲ್ಲ. ತಾನಾಗೇ ಹೋಗೋದಾಗಿದ್ರೆ ನಿಮ್ಮದೂ ಹೋಗ್ಬೇಕಿತ್ತು. ಉಪವಾಸದ ತಾಕು ಇಷ್ಟು ದಿನ ನಿಮ್ಮದೇ ಆಗಿತ್ತು ದೇವಕ್ಕ. ನಾವು ಅಳತೆ ಮಾಡಿಲ್ಲ, ಅಷ್ಟೇ. ಇನ್ನೊಂದು ಬೆಳೆ ಅದನ್ನ ಹಾಗೇ ಬಿಡಿ. ರಾಗಿ ಬಿತ್ತಿ, ಆದ್ರೆ ಗೊಬ್ಬರ ಬೇಡ, ಸೊಪ್ಪು ಬೇಡ, ದನ ಕೂಡ ಒಳಗೆ ಬಿಡ್ಬೇಡಿ. ಕೊಯ್ಲಲ್ಲಿ ಆ ಎರಡು ತಾಕು, ನಿಮ್ಮ ಹೊಲ, ಮೂರನ್ನೂ ಪಕ್ಕಪಕ್ಕ ಇಟ್ಟು ತೋರ್ಸೋಣ. ಪೂರ್ತಿ ಪುರಾವೆ ಅಲ್ಲ, ಆದ್ರೆ ಬರೀ ಮಾತೂ ಅಲ್ಲ."

ಎಲ್ಲರೂ ದ್ವಾರಕಾನಾಥರ ಕಡೆ ತಿರುಗಿದರು. ಅವರು ಛತ್ರಿಯ ಹನಿ ಕೊಡವಿದರು.

"ನಮ್ಮ ಫ್ಯಾಕ್ಟರೀಲಿ ಆಗಿದ್ರೆ ಆಯಮ್ಮನಿಗೆ ಮೆಮೋ ಕೊಡ್ತಿದ್ದೆ," ಎಂದರು. ಸ್ಮಶಾನದ ಗೇಟಿನ ಕಡೆ ಒಮ್ಮೆ ನೋಡಿದರು. "ರಾಗಿ ಕೊಯ್ಲಿನ ತನಕ ಕಾಯ್ತೀನಿ. ವ್ಯತ್ಯಾಸ ಕಣ್ಣಿಗೆ ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ಆಮೇಲೆ ನನ್ನ ಕೇಳೋ ಹಾಗಿಲ್ಲ."

"ಏನೂ ಹಾಕಲ್ಲ ಸಾರ್," ಎಂದಳು ದೇವಕ್ಕ. "ಒಂದ್ ಹಿಡಿನೂ ಹಾಕಲ್ಲ. ನನ್ ಮಾತು."

*

ಜನ ಚದುರಿದರು. ದೇವಕ್ಕ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳಬೇಕಿತ್ತು, ಆದರೆ ಕಾಲು ಹೊಲದ ಕಡೆಗೇ ಎಳೆಯಿತು. ಮಳೆ ನಿಂತು, ಮೋಡದ ಅಂಚಿನಿಂದ ಹಳದಿ ಬೆಳಕು ಇಳಿದಿತ್ತು. ದೂರದ ಶೆಡ್ಡುಗಳು, ಲೈಟು ಕಂಬಗಳು ಎಲ್ಲವೂ ನೀರಿನಲ್ಲಿ ಅದ್ದಿ ತೆಗೆದಂತೆ ಮಸುಕಾಗಿದ್ದವು.

ಅವಳ ಹೊಲ ಅವಳ ಮುಂದೆ ಬಿದ್ದಿತ್ತು. ನಿನ್ನೆಯವರೆಗೆ ಅದು ಕೇಡು ಹಿಡಿದ ಭೂಮಿ. ಈಗ ಅದು ಹಸಿದ ಭೂಮಿ. ಕೈಯಾರೆ ಉಳಿಸಿಕೊಳ್ಳಬಹುದೆಂದು ತಿಳಿದ ಮೇಲೂ ಇನ್ನೊಂದು ಬೆಳೆಯವರೆಗೆ ಕಣ್ಣೆದುರಿಗೆ ಒಣಗಿಸಬೇಕು. ಆಗಲೇ ದಾರಿಯೂ ಉಳಿದು ಅದೂ ಬದುಕುತ್ತದೆ. ನ್ಯಾಯವಾದ ಮಾತೇ. ದೇವಕ್ಕ ನ್ಯಾಯವನ್ನು ಒಪ್ಪಿಕೊಂಡಿದ್ದಳು. ಆದರೆ ಆ ಬಿಳಿ ಪದರ ಅವಳ ಕಡೆಗೇ ಬಾಯಿ ಬಿಟ್ಟುಕೊಂಡು ನೋಡುತ್ತಿರುವಂತಿತ್ತು.

ಆಗ ಯಾರದೋ ಹಸು ಹಗ್ಗ ಕಿತ್ತುಕೊಂಡು, ಬದು ಇಳಿದು, ಅವಳ ಹೊಲದ ನಡುವಿಗೆ ಬಂತು. ಎಲ್ಲಿ ಮೇಯ್ದು ಬಂದಿತ್ತೋ, ಹೊಟ್ಟೆ ಗುಂಡಗಿತ್ತು. ಹೊಡೆದಟ್ಟಬೇಕೆಂದು ದೇವಕ್ಕ ಬಾಗಿ ಒಂದು ಹೆಂಟೆ ಎತ್ತಿಕೊಂಡಳು. ಹಸು ನಿಂತಿತು. ಬಾಲ ಎತ್ತಿತು.

ದೇವಕ್ಕನ ಕೈ ಕೆಳಗಿಳಿಯಿತು. ಸುತ್ತ ಒಮ್ಮೆ ನೋಡಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹೊಲಕ್ಕೆ ಬೆನ್ನು ಹಾಕಿ, ರಸ್ತೆಯಲ್ಲಿ ಹೋಗುವ ಲಾರಿಗಳನ್ನು ನೋಡುತ್ತ ನಿಂತಳು.